ಸತ್ಯವೇದವನ್ನು ಮೊದಲ ಪುಟದಿಂದಲೇ ಶುರು ಮಾಡಬೇಕಾ?

ಪ್ರಶ್ನೆ: ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ನರ್ಸ್. ಕ್ರೈಸ್ತಳಲ್ಲ. ಹೋದ ವರ್ಷ ನಮ್ಮ ವಾರ್ಡಿನಲ್ಲಿ ಒಬ್ಬರು ಅಜ್ಜಿ ಇದ್ದರು. ಒಂದು ರಾತ್ರಿ ತಮ್ಮ ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ನನ್ನ ಕೈಗೆ ಕೊಟ್ಟು, "ಇಪ್ಪತ್ಮೂರನೇ ಕೀರ್ತನೆ ಓದಮ್ಮ" ಅಂದರು. ಅದು ಎಲ್ಲಿದೆ ಅಂತಲೇ ನನಗೆ ಗೊತ್ತಾಗಲಿಲ್ಲ. ನಾನು ಪುಟ ತಿರುವುತ್ತಿರುವಾಗಲೇ ಅವರಿಗೆ ನಿದ್ದೆ ಹತ್ತಿತು. ಮರುದಿನ ಡಿಸ್ಚಾರ್ಜ್ ಆಗಿ ಹೋದರು. ಅದು ಮನಸ್ಸಿನಲ್ಲೇ ಉಳಿಯಿತು. ನಾನೇ ಒಂದು ಪ್ರತಿ ಕೊಂಡು ಜನವರಿಯಲ್ಲಿ ಮೊದಲ ಪುಟದಿಂದ ಶುರು ಮಾಡಿದೆ. ಆದಿಕಾಂಡ ಚೆನ್ನಾಗಿ ಓದಿಸಿಕೊಂಡು ಹೋಯಿತು. ವಿಮೋಚನಕಾಂಡದ ಅರ್ಧ ದಾಟಿದ ಮೇಲೆ ಬರೀ ಗುಡಾರದ ಅಳತೆ, ಪರದೆ, ಕೊಂಡಿ. ಯಾಜಕಕಾಂಡಕ್ಕೆ ಬಂದಾಗ ನಿಂತೇ ಹೋಯಿತು. ಯಾವ ಕ್ರಮದಲ್ಲಿ ಓದಬೇಕು? ಹೀಗೆ ಹಿಂದೆಮುಂದೆ ಮಾಡಿ ಓದಿದರೆ ತಪ್ಪಾಗುತ್ತದಾ?

ಉತ್ತರ: ನೀವು ನಿಂತ ಜಾಗ ನನಗೆ ಚೆನ್ನಾಗಿ ಗೊತ್ತು, ತಂಗಿ. ಮೊದಲ ಪುಟದಿಂದ ಶುರು ಮಾಡಿದವರಲ್ಲಿ ಬಹಳ ಜನ ಅಲ್ಲೇ ನಿಲ್ಲುತ್ತಾರೆ. ನಾನು 17ನೇ ವಯಸ್ಸಿನಲ್ಲಿ ಹಟ ಹಿಡಿದು ಯಾಜಕಕಾಂಡವನ್ನೇನೋ ದಾಟಿದೆ. ಅರಣ್ಯಕಾಂಡದ ಜನಗಣತಿಯಲ್ಲಿ ಸೋತು ಕೂತೆ. ನನಗೆ ಭಕ್ತಿ ಸಾಲದು ಅಂತ ತಿಳಿದುಕೊಂಡು ಅತ್ತಿದ್ದೂ ಉಂಟು. ತೊಂದರೆ ಇದ್ದದ್ದು ಭಕ್ತಿಯಲ್ಲಿ ಅಲ್ಲ, ಹಿಡಿದ ದಾರಿಯಲ್ಲಿ. ಯಾರಾದರೂ ಆಗಲೇ ಹೇಳಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಮೊದಲು ಒಂದು ಮಾತು. ಸತ್ಯವೇದ ಒಂದು ಪುಸ್ತಕವಲ್ಲ, ಒಂದು ಕಪಾಟು. ನಿಮ್ಮ ಕೈಯಲ್ಲಿರುವ ಪ್ರತಿಯಲ್ಲಿ 66 ಪುಸ್ತಕಗಳಿವೆ. ಕಥೆ, ಕಾನೂನು, ಹಾಡು, ಗಾದೆ, ರಾಜರ ಚರಿತ್ರೆ, ಕಾಗದ ಎಲ್ಲ ಇವೆ. ಅವನ್ನು ಜೋಡಿಸಿದ್ದು ಓದಲು ಸುಲಭವಾಗಲಿ ಅಂತ ಅಲ್ಲ. ಯೇಸುವಿನ ಸುದ್ದಿಯನ್ನು ಊರೂರಿಗೆ ಒಯ್ದ ಪೌಲನ ಪತ್ರಿಕೆಗಳನ್ನೇ, ಅಂದರೆ ಕಾಗದಗಳನ್ನೇ, ನೋಡಿ. ಮೊದಲು ಕ್ರೈಸ್ತ ಸಭೆಗಳಿಗೆ ಬರೆದವು, ಆಮೇಲೆ ಒಬ್ಬೊಬ್ಬ ಮನುಷ್ಯರಿಗೆ ಬರೆದವು. ಎರಡರಲ್ಲೂ ಹೆಚ್ಚುಕಡಿಮೆ ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. ರೋಮಾಪುರದವರಿಗೆ ಬರೆದ ಪತ್ರಿಕೆ ಎಲ್ಲಕ್ಕೂ ಮುಂದೆ ಬಂದದ್ದು ಉದ್ದದಿಂದ. ಮೊದಲು ಬರೆದದ್ದು ಅಂತಲೂ ಅಲ್ಲ, ಸುಲಭ ಅಂತಲೂ ಅಲ್ಲ. ಯೆಹೂದ್ಯರ ಪ್ರತಿಯಲ್ಲಂತೂ ಜೋಡಣೆಯೇ ಬೇರೆ. ಅಲ್ಲಿ ಕೊನೆಗೆ ಬರುವುದು ಪೂರ್ವಕಾಲವೃತ್ತಾಂತ. ಹಾಗಾಗಿ ಹಿಂದೆಮುಂದೆ ಮಾಡಿ ಓದಿದರೆ ಏನೂ ತಪ್ಪಿಲ್ಲ. ಯಾವ ಪುಸ್ತಕ ಹಿಡಿದರೂ ಅದನ್ನು ಪೂರ್ತಿ ಓದಿ, ಅಷ್ಟೇ ಮುಖ್ಯ. ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನ ಓದುವ ಅಭ್ಯಾಸ ಬೇಡ. ಒಬ್ಬರು ಬರೆದ ಕಾಗದದ ನಡುವಿನ ಒಂದು ಸಾಲು ಹರಿದುಕೊಂಡು ಓದಿದ ಹಾಗೆ ಅದು.

ಮಾರ್ಕನಿಂದ ಶುರು ಮಾಡಿ. ಯೇಸುವಿನ ಬದುಕಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ನಾಲ್ಕರಲ್ಲಿ ಮೊದಲು ಬರೆದದ್ದೂ ಅದೇ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಗಟ್ಟಿಯಾಗಿ ಓದಿದರೆ ಎರಡು ತಾಸಿನೊಳಗೆ ಮುಗಿಯುತ್ತದೆ. ಯೇಸುವಿನ ಹುಟ್ಟಿನ ಕಥೆ ಇಲ್ಲ, ವಂಶಾವಳಿ ಇಲ್ಲ. ನೇರವಾಗಿ ಯೊರ್ದನ್ ಹೊಳೆಗೆ ಬಂದು ನಿಲ್ಲುತ್ತದೆ. ಆಮೇಲೆ ಓಟವೇ ಓಟ. 'ಕೂಡಲೆ', 'ತಕ್ಷಣ' ಅನ್ನುವ ಮಾತು ಮೂಲ ಗ್ರೀಕಿನಲ್ಲಿ 40 ಸಲಕ್ಕೂ ಹತ್ತಿರ ಬರುತ್ತದೆ. ನಮ್ಮ ಹಳ್ಳಿಯವರು ಕಟ್ಟೆಯ ಮೇಲೆ ಕೂತು ಕಥೆ ಹೇಳುವ ಧಾಟಿ ಅದು.

ನಾನು ಮಾರ್ಕನನ್ನು ಕಂಡದ್ದು ನಮ್ಮ ಅಜ್ಜಿಯಿಂದ. ನಮ್ಮದು ಬೆಟಗೇರಿ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಗುಡ್ ಫ್ರೈಡೇ ಹಿಂದಿನ ರಾತ್ರಿ ಕರೆಂಟು ಹೋಗಿತ್ತು. ಅಜ್ಜಿ ಕಂದೀಲಿನ ಬೆಳಕಿನಲ್ಲಿ ರಾಟಿ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. "ಮಾರ್ಕಂದು ತೆಗಿ, ಮೊದಲಿಂದ ಕಡೀತನ ಓದು" ಅಂದಳು. ನಾನು ಅಧ್ಯಾಯ ಮುಗಿದಾಗಲೆಲ್ಲ ನಿಲ್ಲಿಸುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. "ಮುಂದ ಏನಾತು? ಓದವ್ವಾ" ಅನ್ನುತ್ತಿದ್ದಳು. ಅಧ್ಯಾಯದ ಅಂಕಿಗಳನ್ನು ಬರೆದವರು ಹಾಕಿದ್ದಲ್ಲ, 13ನೇ ಶತಮಾನದಲ್ಲಿ ಬಂದದ್ದು. ವಚನದ ಅಂಕಿ ಇನ್ನೂ ತಡ, 16ನೇ ಶತಮಾನದ್ದು. ಓದು ಬಾರದ ಅಜ್ಜಿಗೆ ಆ ಅಂಕಿಗಳ ಹಂಗು ಇರಲಿಲ್ಲ. ಅವಳು ಕೇಳುತ್ತಿದ್ದದ್ದು ಕಥೆ.

ಐದನೇ ಅಧ್ಯಾಯ ಬಂತು. ನೀವು ನರ್ಸ್ ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯಾಯೀರ ಅನ್ನುವವನು ಸಭಾಮಂದಿರದ ಅಧಿಕಾರಿ. ಅವನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಓಡಿ ಬಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಯೇಸು ಅವನ ಜೊತೆ ಹೊರಡುತ್ತಾನೆ. ಜನಜಂಗುಳಿ. ಆ ಗುಂಪಿನಲ್ಲಿ ಒಬ್ಬ ಹೆಂಗಸು. 12 ವರ್ಷದಿಂದ ರಕ್ತಸ್ರಾವ. ಎಷ್ಟೋ ವೈದ್ಯರ ಹತ್ತಿರ ಹೋಗಿ, ಇದ್ದದ್ದೆಲ್ಲ ಖರ್ಚು ಮಾಡಿ, ಗುಣವಾಗದೆ ಇನ್ನೂ ಜಾಸ್ತಿಯಾಗಿತ್ತು ಅಂತ ಮಾರ್ಕ ಬರೆಯುತ್ತಾನೆ. ಅವಳು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಗುಣವಾಗುತ್ತದೆ. ಯೇಸು ನಿಂತು "ಯಾರು ಮುಟ್ಟಿದರು?" ಅನ್ನುತ್ತಾನೆ. ಇಷ್ಟು ಜನ ನೂಕುತ್ತಿರುವಾಗ ಇದೇನು ಕೇಳುತ್ತೀ ಅಂತ ಶಿಷ್ಯರಿಗೆ ಆಶ್ಚರ್ಯ. ಅವಳು ನಡುಗುತ್ತಾ ಬಂದು ಎಲ್ಲ ಹೇಳುತ್ತಾಳೆ. ಆತನು ಅವಳನ್ನು "ಮಗಳೇ" ಅಂತ ಕರೆಯುತ್ತಾನೆ. ಅಷ್ಟರಲ್ಲಿ ಯಾಯೀರನ ಮನೆಯಿಂದ ಸುದ್ದಿ: ಮಗು ಹೋಯಿತು, ಇನ್ನು ಯಾಕೆ ಗುರುವಿಗೆ ತೊಂದರೆ?

ಯೇಸು ಆ ಮನೆಗೆ ಹೋಗಿ, ತಂದೆತಾಯಿ ಮತ್ತು ಮೂವರು ಶಿಷ್ಯರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ, ಹುಡುಗಿಯ ಕೈ ಹಿಡಿಯುತ್ತಾನೆ. "ತಲಿಥಾ ಕೂಮ್" ಅನ್ನುತ್ತಾನೆ. ಅದು ಆತನ ಮನೆಮಾತು, ಅರಾಮಿಕ್. ಪುಟ್ಟೀ, ಏಳು ಅನ್ನುವ ಅರ್ಥ. ಹುಡುಗಿ ಎದ್ದು ಓಡಾಡುತ್ತಾಳೆ. ಅವಳಿಗೆ 12 ವರ್ಷ ಅಂತ ಮಾರ್ಕ ಆಗ ಹೇಳುತ್ತಾನೆ. ಇವಳು ಹುಟ್ಟಿದ ವರ್ಷವೇ ಆ ಹೆಂಗಸಿನ ಕಾಯಿಲೆಯೂ ಶುರುವಾಗಿತ್ತು, ನೋಡಿ. ಎಲ್ಲರೂ ಬೆರಗಾಗಿ ನಿಂತಿದ್ದಾರೆ. ಯೇಸುವಿನ ಕೊನೆಯ ಮಾತು ಏನು ಗೊತ್ತಾ? ಅವಳಿಗೆ ತಿನ್ನಲು ಏನಾದರೂ ಕೊಡಿ.

ನಮ್ಮ ಅಜ್ಜಿಯ ಕೈಯಲ್ಲಿ ರಾಟಿ ನಿಂತಿತು. "ಎಷ್ಟು ದಿನದಿಂದ ಉಂಡಿರಲಿಲ್ಲೋ ಏನೋ ಆ ಕೂಸು" ಅಂದಳು. ಆಮೇಲೆ ಮತ್ತೆ ರಾಟಿ ತಿರುಗಿಸಿದಳು. ಅರಣ್ಯಕಾಂಡದವರೆಗೆ ಅಷ್ಟೆಲ್ಲ ಓದಿದ್ದ ನನಗೆ ಅವತ್ತು ಮೊದಲ ಸಲ ಆ ಪುಸ್ತಕದೊಳಗೆ ಮನುಷ್ಯರು ಕಂಡರು.

ಈಗ ನೀವು ನಿಂತ ಯಾಜಕಕಾಂಡಕ್ಕೆ ಬರೋಣ. ಆ ಹೆಂಗಸು ಯಾಕೆ ಹಿಂದಿನಿಂದ ಬಂದಳು? ಕೇಳಿದಾಗ ಯಾಕೆ ನಡುಗಿದಳು? ಉತ್ತರ ಯಾಜಕಕಾಂಡದ 15ನೇ ಅಧ್ಯಾಯದ ಕೊನೆಯಲ್ಲಿದೆ. ಅಂಥ ಸ್ರಾವ ಇರುವಷ್ಟು ದಿನವೂ ಅವಳು ಅಶುದ್ಧಳು. ಅವಳು ಮಲಗಿದ ಹಾಸಿಗೆಯೂ ಅಶುದ್ಧ, ಅದನ್ನು ಮುಟ್ಟಿದವರೂ ಸಂಜೆವರೆಗೆ ಅಶುದ್ಧರು. 12 ವರ್ಷ ಆಕೆ ಹಾಗೆ ಬದುಕಿದ್ದಳು. ಈಗ ಆ ಅಧ್ಯಾಯ ತೆಗೆದು ಓದಿ. ಅದು ಒಣ ಕಾನೂನಾಗಿ ಕಾಣುವುದಿಲ್ಲ. ಒಬ್ಬ ಹೆಂಗಸಿನ ಮುಖ ಕಾಣುತ್ತದೆ. ಕ್ರಮ ಅಂದರೆ ನನ್ನ ಲೆಕ್ಕದಲ್ಲಿ ಇದೇ. ಮೊದಲು ಪ್ರಶ್ನೆ ಹುಟ್ಟಿಸುವ ಪುಸ್ತಕ, ಆಮೇಲೆ ಉತ್ತರ ಇರುವ ಪುಸ್ತಕ. ನೀವು ಪ್ರಶ್ನೆ ಹುಟ್ಟುವ ಮೊದಲೇ ಉತ್ತರಗಳ ರಾಶಿಯಲ್ಲಿ ಸಿಕ್ಕಿಹಾಕಿಕೊಂಡಿರಿ.

ಮಾರ್ಕ ಮುಗಿದ ಮೇಲೆ ಕೆಲವು ಮಾತು ನಿಮ್ಮನ್ನು ಕಾಡುತ್ತವೆ. ಪಸ್ಕ ಹಬ್ಬ ಅಂದರೇನು? ಯೇಸುವನ್ನು ದಾವೀದನ ಕುಮಾರ ಅಂತ ಯಾಕೆ ಕೂಗುತ್ತಾರೆ? ಆಗ ಹಿಂದಕ್ಕೆ ಹೋಗಿ. ಆದಿಕಾಂಡ ನೀವು ಆಗಲೇ ಓದಿದ್ದೀರಿ. 37ನೇ ಅಧ್ಯಾಯದಿಂದ ಬರುವ ಯೋಸೇಫನ ಕಥೆಯನ್ನು ಮಾತ್ರ ಇನ್ನೊಮ್ಮೆ ಓದಿ. ಅಣ್ಣಂದಿರು ಮಾರಿಬಿಟ್ಟ ತಮ್ಮ ಕೊನೆಗೆ ಅವರ ಮುಂದೆಯೇ ಗೊಳೋ ಅಂತ ಅಳುವ ಜಾಗ ಎರಡನೇ ಸಲ ಇನ್ನೂ ಚೆನ್ನಾಗಿರುತ್ತದೆ. ವಿಮೋಚನಕಾಂಡದಲ್ಲಿ 1ರಿಂದ 20, ಆಮೇಲೆ 32ರಿಂದ 34. ನಡುವಿನ ಗುಡಾರದ ಅಳತೆ ಸದ್ಯಕ್ಕೆ ಬಿಡಿ. 12ನೇ ಅಧ್ಯಾಯದಲ್ಲಿ ಪಸ್ಕದ ರಾತ್ರಿ ಇದೆ.

ಅಲ್ಲಿಂದ ರೂತಳು. ನಾಲ್ಕೇ ಅಧ್ಯಾಯ, ಒಂದು ಪಾಳಿಯ ಚಹಾ ಬಿಡುವಿನಲ್ಲಿ ಮುಗಿಯುತ್ತದೆ. ಗಂಡನನ್ನು ಕಳೆದುಕೊಂಡ ಮೋವಾಬ್ಯರ ಹೆಣ್ಣುಮಗಳು ಅತ್ತೆಯನ್ನು ಬಿಡದೆ ಪರಊರಿಗೆ ಬರುತ್ತಾಳೆ. ಹೊಟ್ಟೆಪಾಡಿಗೆ ಜವೆಗೋದಿ ಹೊಲದಲ್ಲಿ ಹಕ್ಕಲಾಯುತ್ತಾಳೆ. ಕೊಯ್ಲಿನ ಹೊತ್ತಿಗೆ ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅನ್ನುವ ನಿಯಮ ಇದ್ದದ್ದರಿಂದ ಅವಳಿಗೆ ಅನ್ನ ಸಿಕ್ಕಿತು. ಆ ನಿಯಮ ಎಲ್ಲಿದೆ? ಮತ್ತೆ ಯಾಜಕಕಾಂಡ, 19ನೇ ಅಧ್ಯಾಯ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತೂ ಅದೇ ಅಧ್ಯಾಯದ್ದು. ಯೇಸು ಹೇಳಿದ್ದು ಅಂತ ಎಲ್ಲರೂ ತಿಳಿದಿರುವ ಆ ಮಾತು ನೀವು ಮುಚ್ಚಿಟ್ಟ ಪುಟಗಳಲ್ಲೇ ಇತ್ತು.

ರೂತಳ ಮರಿಮಗ ದಾವೀದ. ಹಾಗಾಗಿ ಮುಂದಿನದು ಸಮುವೇಲನ ಎರಡು ಪುಸ್ತಕಗಳು. ಬೇಗ ಬೇಗ ಓದಿ, ಹೆಸರು ನೆನಪಿಡುವ ಕಷ್ಟ ಬೇಡ. ಎರಡನೇ ಪುಸ್ತಕದ 11 ಮತ್ತು 12ನೇ ಅಧ್ಯಾಯದಲ್ಲಿ ಮಾತ್ರ ನಿಲ್ಲಿ. ಅರಸನಾದ ದಾವೀದ ಒಬ್ಬ ಸೈನಿಕನ ಹೆಂಡತಿಯನ್ನು ಕರೆಸಿಕೊಳ್ಳುತ್ತಾನೆ, ಆ ಸೈನಿಕನನ್ನು ಯುದ್ಧದಲ್ಲಿ ಸಾಯುವ ಹಾಗೆ ಮಾಡುತ್ತಾನೆ. ಪ್ರವಾದಿ ನಾತಾನ ಬಂದು ಒಂದು ಕುರಿಮರಿಯ ಕಥೆ ಹೇಳಿ ಅರಸನ ಬಾಯಿಂದಲೇ ತೀರ್ಪು ಹೇಳಿಸುತ್ತಾನೆ. ತಮ್ಮ ದೊಡ್ಡ ಅರಸನ ಈ ಪಾಪವನ್ನು ಮುಚ್ಚಿಡದೆ ಬರೆದಿಟ್ಟರಲ್ಲ, ಅದಕ್ಕೇ ನನಗೆ ಈ ಪುಸ್ತಕದ ಮೇಲೆ ಅಷ್ಟು ನಂಬಿಕೆ.

ಆಮೇಲೆ ಲೂಕ, ಅದರ ಬೆನ್ನಿಗೇ ಅಪೊಸ್ತಲರ ಕೃತ್ಯಗಳು. ಎರಡೂ ಒಬ್ಬನೇ ಬರೆದದ್ದು, ಎರಡನ್ನೂ ಥೆಯೊಫಿಲ ಅನ್ನುವವನಿಗೆ ಬರೆದದ್ದು. ನಮ್ಮ ಪ್ರತಿಗಳಲ್ಲಿ ನಡುವೆ ಯೋಹಾನ ಬಂದು ಕೂತಿರುವುದರಿಂದ ಜನ ಅದನ್ನು ಗಮನಿಸುವುದಿಲ್ಲ. ಸಮಾರ್ಯದವನ ಕಥೆ, ಮನೆ ಬಿಟ್ಟು ಹೋದ ಮಗನ ಕಥೆ ಲೂಕನಲ್ಲಿ ಮಾತ್ರ ಇವೆ.

ಯೋಹಾನನಿಂದಲೇ ಶುರು ಮಾಡಿ ಅಂತ ಹೇಳುವವರು ತುಂಬಾ ಜನ. ನನಗೆ ಒಪ್ಪಿಗೆಯಿಲ್ಲ. ಅವನ ಮೊದಲ ವಾಕ್ಯವೇ ಆದಿಕಾಂಡದ ಮೊದಲ ವಾಕ್ಯವನ್ನು ನೆನಪಿಸುವ ಹಾಗೆ ಬರೆದದ್ದು. ಇನ್ನು ಮೋಶೆ, ಮನ್ನ, ಪಸ್ಕದ ಕುರಿ ಎಲ್ಲ ಓದುವವರಿಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತಾನೆ. ಅದೆಲ್ಲ ಗೊತ್ತಾದ ಮೇಲೆ ಓದಿದರೆ ಜೇನು. ಮತ್ತಾಯನೂ ಹಾಗೇ. ಮೊದಲ ಪುಟದ ಹೆಸರುಗಳ ಪಟ್ಟಿ ನೋಡಿ ಬೇಸರಪಡುತ್ತಾರೆ. ರೂತಳನ್ನು ಓದಿದವರಿಗೆ ಆ ಪಟ್ಟಿಯಲ್ಲಿ ಅವಳ ಹೆಸರು ಕಂಡಾಗ ಪರಿಚಯದವರು ಸಿಕ್ಕಷ್ಟು ಸಂತೋಷವಾಗುತ್ತದೆ.

ಪತ್ರಿಕೆಗಳಿಗೆ ಬಂದರೆ ಫಿಲೆಮೋನನಿಗೆ ಬರೆದದ್ದನ್ನು ಮೊದಲು ಹಿಡಿಯಿರಿ. ಒಂದೇ ಅಧ್ಯಾಯ, 25 ವಚನ. ಸೆರೆಯಲ್ಲಿರುವ ಪೌಲ ಒನೇಸಿಮ ಅನ್ನುವ ದಾಸನನ್ನು ಅವನ ಯಜಮಾನನ ಹತ್ತಿರ ವಾಪಸು ಕಳಿಸುತ್ತಾ, ಇನ್ನು ಇವನನ್ನು ದಾಸನ ಹಾಗಲ್ಲ, ತಮ್ಮನ ಹಾಗೆ ನೋಡಿಕೋ, ಸಾಲವೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಅನ್ನುತ್ತಾನೆ. ಪತ್ರಿಕೆ ಅಂದರೆ ಒಬ್ಬರು ಒಬ್ಬರಿಗೆ ಬರೆದ ನಿಜವಾದ ಕಾಗದ ಅಂತ ಇಲ್ಲಿ ಗೊತ್ತಾಗುತ್ತದೆ. ಆಮೇಲೆ ಫಿಲಿಪ್ಪಿಯವರಿಗೆ, ಯಾಕೋಬನದು. ರೋಮಾಪುರದವರಿಗೆ ಬರೆದದ್ದು ಸಾವಕಾಶವಾಗಿ, ಗೊತ್ತಿದ್ದವರ ಜೊತೆ ಕೂತು.

ಇನ್ನು ಆ ಅಜ್ಜಿ ಕೇಳಿದ ಕೀರ್ತನೆ. ಪುಸ್ತಕವನ್ನು ಸರಿಯಾಗಿ ನಡುವೆ ತೆರೆಯಿರಿ, ಕೀರ್ತನೆಗಳ ಆಸುಪಾಸಿನಲ್ಲೇ ಇರುತ್ತೀರಿ. ಒಟ್ಟು 150. ಇದೊಂದನ್ನು ಮಾತ್ರ ಸಾಲಾಗಿ ಮುಗಿಸಲು ಹೋಗಬೇಡಿ. ಬೇರೆ ಪುಸ್ತಕದ ಜೊತೆಜೊತೆಗೆ ದಿನಕ್ಕೊಂದು ಸಾಕು. ಎರಡೇ ವಚನದ್ದಿದೆ, 117ನೆಯದು. 176 ವಚನದ್ದೂ ಇದೆ, 119ನೆಯದು. ಮಾರ್ಕನ 15ನೇ ಅಧ್ಯಾಯದಲ್ಲಿ ಶಿಲುಬೆಯ ಮೇಲಿಂದ ಯೇಸು ಕೂಗುವ ಮಾತು 22ನೇ ಕೀರ್ತನೆಯ ಮೊದಲ ಸಾಲು. ಅದನ್ನು ಅವತ್ತೇ ಓದಿ, ಪುಟ ತಿರುವಿದರೆ 23. ರಾತ್ರಿ ಪಾಳಿಯಲ್ಲಿ ಯಾರಾದರೂ ಮತ್ತೆ ಕೇಳಿದರೆ 121 ಮತ್ತು 139 ಕೂಡ ಗುರುತು ಹಾಕಿಟ್ಟುಕೊಳ್ಳಿ. ಒಂದು ಕೆಂಪು ದಾರ ಸಾಕು.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಕಥೋಲಿಕ ಮನೆತನ. ಚರ್ಚಿಗೆ ಹೋಗುತ್ತೇನೆ, ಆದರೆ ಬೈಬಲ್ಲನ್ನು ಕೂತು ಓದಿಲ್ಲ. ಸಿ.ಎಸ್.ಐ. ಅನ್ನುವ ಪ್ರೊಟೆಸ್ಟಂಟ್ ಸಭೆಯ ಗೆಳೆಯನ ಜೊತೆ ಸೇರಿ ಓದೋಣ ಅಂದುಕೊಂಡೆ. ಅವನ ಪ್ರತಿಯಲ್ಲಿ 66 ಪುಸ್ತಕ, ನನ್ನದರಲ್ಲಿ 73. ಹೆಸರುಗಳೂ ಬೇರೆ. ಒಟ್ಟಿಗೆ ಓದಲು ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ, ತಮ್ಮಾ. ಹೊಸ ಒಡಂಬಡಿಕೆಯ, ಅಂದರೆ ಯೇಸುವಿನಿಂದ ಈಚಿನ ಭಾಗದ, 27 ಪುಸ್ತಕ ಇಬ್ಬರಿಗೂ ಒಂದೇ. ವ್ಯತ್ಯಾಸ ಇರುವುದು ಹಳೆ ಒಡಂಬಡಿಕೆಯಲ್ಲಿ, ನಿನ್ನದರಲ್ಲಿ 46, ಅವನದರಲ್ಲಿ 39. ತೋಬಿತ, ಯೂದಿತ, ಸಿರಾಖ, ಮಕ್ಕಬಿಯರು ಮೊದಲಾದ ಏಳು ಪುಸ್ತಕ ನಿನ್ನಲ್ಲಿ ಜಾಸ್ತಿ ಇವೆ. ಕ್ರಿಸ್ತನಿಗಿಂತ ಮೊದಲೇ ಗ್ರೀಕ್ ಮಾತಾಡುವ ಯೆಹೂದ್ಯರು ಓದುತ್ತಿದ್ದ ಸಂಗ್ರಹದಿಂದ ಅವು ಬಂದವು. ಹೀಬ್ರೂ ಪಟ್ಟಿಯಲ್ಲಿ ಅವಿಲ್ಲ. 16ನೇ ಶತಮಾನದಲ್ಲಿ ಕಥೋಲಿಕ ಸಭೆಯಿಂದ ಬೇರೆಯಾದ ಲೂಥರ್ ಮುಂತಾದ ಸುಧಾರಕರು ಹೀಬ್ರೂ ಪಟ್ಟಿಯನ್ನು ಹಿಡಿದರು. ಲೂಥರ್ 1534ರ ತನ್ನ ಜರ್ಮನ್ ಬೈಬಲ್ಲಿನಲ್ಲಿ ಅವನ್ನು ಬಿಡಲಿಲ್ಲ, ಬೇರೆ ಭಾಗ ಮಾಡಿ ಇಟ್ಟ. ಕಥೋಲಿಕ ಸಭೆ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಅವು ಪವಿತ್ರಗ್ರಂಥದ ಭಾಗವೇ ಅಂತ ಘೋಷಿಸಿತು.

ಹೆಸರಿನ ಗೊಂದಲ ಎರಡು ದಿನದ್ದು. ಅವನು ಸುವಾರ್ತೆ ಅನ್ನುತ್ತಾನೆ, ನೀನು ಶುಭಸಂದೇಶ ಅನ್ನುತ್ತೀ. ಅವನ ಅಪೊಸ್ತಲರ ಕೃತ್ಯಗಳು ನಿನ್ನ ಪ್ರೇಷಿತರ ಕಾರ್ಯಕಲಾಪಗಳು. ಅವನ ಯೆಹೋವ ನಿನ್ನ ಪ್ರತಿಯಲ್ಲಿ ಸರ್ವೇಶ್ವರ. ಒಂದು ಭಾಗವನ್ನು ಅವನು ಓದಲಿ, ಅದೇ ಭಾಗವನ್ನು ನಿನ್ನ ಪ್ರತಿಯಿಂದ ನೀನು ಓದು. ಒಂದು ಮಾತು ಎರಡು ಕನ್ನಡದಲ್ಲಿ ಕೇಳಿದರೆ ಅರ್ಥ ಜಾಸ್ತಿ ಬಿಡಿಸಿಕೊಳ್ಳುತ್ತದೆ.

ನಿನಗೆ ಇನ್ನೊಂದು ಅನುಕೂಲವಿದೆ. ನಿಮ್ಮ ಭಾನುವಾರದ ಪೂಜೆಯ ಪಾಠಗಳಿಗೆ ಮೂರು ವರ್ಷದ ಸುತ್ತು ಇದೆ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೋಹಾನ ಮುಖ್ಯವಾಗಿ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಮತ್ತು ಈಸ್ಟರ್ ಕಾಲದಲ್ಲಿ ಬರುತ್ತಾನೆ. ಡಿಸೆಂಬರಿನ ಆಸುಪಾಸು ಆಗಮನ ಕಾಲದಲ್ಲಿ ಸುತ್ತು ಬದಲಾಗುತ್ತದೆ. ಈಗ ಯಾವುದು ನಡೆಯುತ್ತಿದೆ ಅಂತ ನಿಮ್ಮ ಫಾದರನ್ನು ಕೇಳು. ಆ ಶುಭಸಂದೇಶವನ್ನೇ ಮನೆಯಲ್ಲಿ ಪೂರ್ತಿ ಓದು. ಭಾನುವಾರ ಅದರ ತುಂಡು ಕಿವಿಗೆ ಬಿದ್ದಾಗ ಹಿಂದಿನದು ಮುಂದಿನದು ನಿನಗೆ ಗೊತ್ತಿರುತ್ತದೆ. ಹೆಚ್ಚಿನ ಏಳರಲ್ಲಿ ತೋಬಿತ ಮೊದಲು ಓದು. ಗೆಳೆಯನಿಗೂ ಓದಿಸು. ಮಗ ಪ್ರಯಾಣ ಹೊರಟಾಗ ಅವರ ನಾಯಿಯೂ ಜೊತೆಗೆ ಹೊರಡುತ್ತದೆ. ನನಗೆ ಬಹಳ ಇಷ್ಟವಾದ ಸಾಲು ಅದು.

ಪ್ರಶ್ನೆ: ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಕನ್ನಡ ಸತ್ಯವೇದದ ಭಾಷೆಯೇ ಕಷ್ಟ. ಇಂಗ್ಲಿಷಿನಲ್ಲಿ ಓದುವುದು ವಾಸಿಯಾ?

ಉತ್ತರ: ಮನೆಯಲ್ಲಿ ಕನ್ನಡ ಮಾತಾಡುವವರಾದರೆ ಕನ್ನಡದಲ್ಲೇ ಓದಿ. ಬಳ್ಳಾರಿಯಲ್ಲಿದ್ದ ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮುಂತಾದವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಆದರೂ ಸಭೆಗಳಲ್ಲಿ ಓದುವ ಪ್ರತಿಯಲ್ಲಿ ಹಳೇ ಧಾಟಿ ಉಳಿದಿದೆ. ಸರಳ ಕನ್ನಡದ ಅನುವಾದಗಳೂ ಈಗ ಸಿಗುತ್ತವೆ, ಕೊಳ್ಳುವ ಮೊದಲು ಮಾರ್ಕನ ಒಂದು ಪುಟ ಅಂಗಡಿಯಲ್ಲೇ ಓದಿ ನೋಡಿ. ಕಷ್ಟ ಅನಿಸುವ ಪದಗಳು ಹತ್ತಿಪ್ಪತ್ತಕ್ಕಿಂತ ಜಾಸ್ತಿ ಇಲ್ಲ. ಒಡಂಬಡಿಕೆ ಅಂದರೆ ಒಪ್ಪಂದ. ಸಾಮ್ಯ ಅಂದರೆ ಯೇಸು ಹೇಳುವ ಹೋಲಿಕೆಯ ಕಥೆ. ಯಾಜಕ ಅಂದರೆ ದೇವಾಲಯದ ಪೂಜಾರಿ. ಸುಂಕದವರು ಅಂದರೆ ರೋಮ್ ಸರ್ಕಾರದ ಪರವಾಗಿ ತೆರಿಗೆ ಎತ್ತುತ್ತಿದ್ದವರು, ಅದಕ್ಕೇ ಜನರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ರಟ್ಟಿನ ಒಳಬದಿಯಲ್ಲಿ ಇವನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಮೊಮ್ಮಗನಿಗೆ 16 ವರ್ಷ. ಮೊಬೈಲಿನಲ್ಲಿ ಲೋಕ ಮುಳುಗುವ ವೀಡಿಯೊ ನೋಡಿ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯಿಂದಲೇ ಓದಲು ಶುರು ಮಾಡಿದ್ದಾನೆ. ರಾತ್ರಿ ಹೆದರುತ್ತಾನೆ. ಬಿಡಿಸಬೇಕಾ? ರಾಯಚೂರಿನಿಂದ ಒಬ್ಬ ಅಜ್ಜ.

ಉತ್ತರ: ಅಜ್ಜಾರೇ, ಪುಸ್ತಕ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಒಂದು ಮಾತು ಹೇಳಿ: ಇದು ಕೊನೆಗೆ ಓದುವ ಪುಸ್ತಕ. ಕೊನೆಯಲ್ಲಿ ಇಟ್ಟಿದ್ದಾರೆ ಅಂತ ಅಲ್ಲ. ಹಿಂದಿನ ಪುಸ್ತಕಗಳು ಗೊತ್ತಿಲ್ಲದೆ ಇದರ ಚಿತ್ರಗಳು ಬಿಡಿಸಿಕೊಳ್ಳುವುದಿಲ್ಲ ಅಂತ. ನೀರು ರಕ್ತವಾಗುವುದು, ಮಿಡತೆ, ಆಲಿಕಲ್ಲು, ಕತ್ತಲೆ ಎಲ್ಲ ವಿಮೋಚನಕಾಂಡದಲ್ಲಿ ಐಗುಪ್ತದ ಮೇಲೆ ಬಂದ ಬಾಧೆಗಳೇ. ಮೃಗಗಳು ದಾನಿಯೇಲನಿಂದ ಬಂದವು. ಅಲ್ಲಿ ಓದಿಕೊಂಡು ಬಂದವನಿಗೆ ಇಲ್ಲಿ ಗುರುತು ಹತ್ತುತ್ತದೆ, ಓದದವನಿಗೆ ಬರೀ ಹೆದರಿಕೆ.

ಅದು ಯಾರಿಗೆ ಬರೆದದ್ದು ಅಂತಲೂ ತೋರಿಸಿ. ಯೋಹಾನ ಪತ್ಮೋಸ್ ದ್ವೀಪದಿಂದ ಎಫೆಸ, ಸ್ಮುರ್ನ, ಪೆರ್ಗಮ ಮುಂತಾದ ಏಳು ಊರಿನ ಸಭೆಗಳಿಗೆ ಬರೆದ. ಆ ಊರುಗಳು ಈಗಿನ ಟರ್ಕಿಯ ಪಶ್ಚಿಮದಲ್ಲಿವೆ. ಅವರು ರೋಮ್ ಆಳ್ವಿಕೆಯಲ್ಲಿ ಕಷ್ಟದಲ್ಲಿದ್ದ ಜನ. ಅವರಿಗೆ ಧೈರ್ಯ ಬರಲಿ ಅಂತ ಬರೆದದ್ದನ್ನು ನಮ್ಮ ಹುಡುಗ ಹೆದರಿಕೊಂಡು ಓದುತ್ತಿದ್ದಾನೆ. ಇವತ್ತು ರಾತ್ರಿ ಅವನ ಕೈಯಲ್ಲಿ 21ನೇ ಅಧ್ಯಾಯದ ಮೊದಲ ನಾಲ್ಕು ವಚನ ಗಟ್ಟಿಯಾಗಿ ಓದಿಸಿ. ದೇವರು ಅವರ ಕಣ್ಣೀರನ್ನೆಲ್ಲ ಒರಸುವ ಮಾತು ಅಲ್ಲಿದೆ. ನಾಳೆಯಿಂದ ಮಾರ್ಕ. ಅವನ ಜೊತೆ ನೀವೂ ಓದಿ.

ಪ್ರಶ್ನೆ: ಒಂದೇ ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಪಟ್ಟಿಗಳು ಸಿಗುತ್ತವೆ. ಹೊಸಬರಿಗೆ ಅದು ಒಳ್ಳೆಯದಾ? ಬೆಂಗಳೂರು.

ಉತ್ತರ: ಮೊದಲ ವರ್ಷಕ್ಕೆ ಬೇಡ. 66 ಪುಸ್ತಕದ ಪ್ರತಿಯಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಬೀಳುತ್ತದೆ. ಮೂರು ದಿನ ಜ್ವರ ಬಂದರೆ ಹತ್ತು ಅಧ್ಯಾಯ ಬಾಕಿ. ಬಾಕಿ ತೀರಿಸಲು ಓದುವಾಗ ಮನಸ್ಸು ಓದಿನಲ್ಲಿ ಇರುವುದಿಲ್ಲ, ಪಟ್ಟಿಯಲ್ಲಿರುತ್ತದೆ. ಇಂಥ ಪಟ್ಟಿಗಳಲ್ಲಿ ಹೆಸರುವಾಸಿಯಾದದ್ದನ್ನು ಸ್ಕಾಟ್ಲೆಂಡಿನ ರಾಬರ್ಟ್ ಮರೇ ಮೆಕ್‌ಚೇನ್ ಅನ್ನುವ ಸಭಾಪಾಲಕರು 1842ರಲ್ಲಿ ಮಾಡಿದರು. ಅದು ಅವರ ಸಭೆಯ ಜನರಿಗೆ, ಚಿಕ್ಕಂದಿನಿಂದ ಈ ಕಥೆಗಳನ್ನು ಕೇಳಿ ಬೆಳೆದವರಿಗೆ ಮಾಡಿದ್ದು. ಮೇಲೆ ಹಾಸನದ ತಂಗಿಗೆ ಹೇಳಿದ ದಾರಿಯಲ್ಲಿ ಒಂದು ವರ್ಷ ನಡೆಯಿರಿ. ಎರಡನೇ ವರ್ಷ ಪಟ್ಟಿ ಹಿಡಿಯಿರಿ, ಆಗ ಅದು ನಿಮಗೆ ನೆರವಾಗುತ್ತದೆ.

ಪ್ರಶ್ನೆ: ನಾವು ದುಬೈನಲ್ಲಿದ್ದೇವೆ. ಮಕ್ಕಳಿಗೆ ಒಂಬತ್ತು ಮತ್ತು ಆರು ವರ್ಷ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಓದಿ, ಅವರು ಕೇಳಲಿ. ಯೋನನಿಂದ ಶುರು ಮಾಡಿ, ತಾಯಿ. ನಾಲ್ಕು ಅಧ್ಯಾಯ, ನಾಲ್ಕು ರಾತ್ರಿ. ಮಕ್ಕಳ ಪುಸ್ತಕಗಳಲ್ಲಿ ಕಥೆಯನ್ನು ಮೀನಿನ ಹೊಟ್ಟೆಗೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಮೂರನೇ ರಾತ್ರಿ ನಿನೆವೆಯ ಅರಸ ಜನರಿಗಷ್ಟೇ ಅಲ್ಲ, ದನಕುರಿಗಳಿಗೂ ಗೋಣಿತಟ್ಟು ಹೊದಿಸಿ ಉಪವಾಸ ಹಾಕುತ್ತಾನೆ. ಆರು ವರ್ಷದವರು ಇಲ್ಲಿ ನಗುತ್ತಾರೆ, ನಗಲಿ ಬಿಡಿ. ನಮ್ಮ ಸಂಡೇ ಸ್ಕೂಲಿನಲ್ಲಿ ಪ್ರತಿ ವರ್ಷವೂ ನಗುತ್ತಿದ್ದರು. ನಾಲ್ಕನೇ ರಾತ್ರಿ ಸೋರೆಗಿಡ ಒಣಗುತ್ತದೆ, ಯೋನ ಸಿಟ್ಟಾಗುತ್ತಾನೆ. ಆಗ ದೇವರು ಅವನನ್ನು ಒಂದು ಪ್ರಶ್ನೆ ಕೇಳುತ್ತಾನೆ: ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ, ಬಹಳ ದನಗಳೂ ಇರುವ ಆ ದೊಡ್ಡ ಪಟ್ಟಣದ ಮೇಲೆ ನಾನು ಕನಿಕರಪಡಬಾರದೋ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ, ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ. ನೀವೂ ಹೇಳಬೇಡಿ, ದೀಪ ಆರಿಸಿ ಮಲಗಿಸಿ. ಬೆಳಿಗ್ಗೆ ತಿಂಡಿ ತಿನ್ನುವಾಗ ಅವರೇ ಆ ದನಗಳ ವಿಷಯ ತೆಗೆಯುತ್ತಾರೆ.